ದ ಗುಡ್, ದ ಬ್ಯಾಡ್ ಆ್ಯಂಡ್ ದ ಅಗ್ಲಿ: ಯಾವ ಪ್ರತಿ ನೋಡಬೇಕು?

1966ರ ಈ ಇಟಾಲಿಯನ್ ವೆಸ್ಟರ್ನ್ (ಕೌಬಾಯ್ ಸಿನಿಮಾ) ಹಾಕುವ ಮುನ್ನ ಅವಧಿ ನೋಡಿಕೊಳ್ಳಿ. ಮೊದಲ ಸಲಕ್ಕೆ 161 ನಿಮಿಷದ ಪ್ರತಿಯೇ ಸರಿ. ಮೂರು ಗಂಟೆ ಮುಟ್ಟುವ ಉದ್ದನೆಯ ಪ್ರತಿಯಲ್ಲಿ ಮರಳಿ ಸೇರಿಸಿದ ದೃಶ್ಯಗಳಿಗೆ ನಟರಾದ ಕ್ಲಿಂಟ್ ಈಸ್ಟ್‌ವುಡ್ ಮತ್ತು ಈಲೈ ವಾಲಾಕ್ ದಶಕಗಳ ನಂತರ ಇಂಗ್ಲಿಷ್ ದನಿ ಕೊಟ್ಟಿದ್ದಾರೆ. ಮುಖ ಪ್ರಾಯದ್ದು, ದನಿ ಮುದುಕರದ್ದು.

ತುಟಿಗೂ ಮಾತಿಗೂ ತಾಳೆಯಾಗದಿದ್ದರೆ ಟಿವಿ ಕೆಟ್ಟಿಲ್ಲ. ಬೇರೆ ಬೇರೆ ದೇಶದ ನಟರು ತಂತಮ್ಮ ಭಾಷೆಯಲ್ಲೇ ಮಾತಾಡಿದ್ದು, ಧ್ವನಿಯೆಲ್ಲ ಆಮೇಲೆ ಕೂಡಿಸಿದ್ದು.

ಚಿತ್ರದಲ್ಲಿ ಕಾಳುಕಾಳು ಕಾಣುವುದಕ್ಕೂ ಕಾರಣವಿದೆ. ಇದನ್ನು ಚಿತ್ರೀಕರಿಸಿದ ಟೆಕ್ನಿಸ್ಕೋಪ್ ವಿಧಾನದಲ್ಲಿ ಒಂದು ಫ್ರೇಮಿಗೆ ಫಿಲ್ಮಿನ ಅಂಚಿನ ನಾಲ್ಕು ರಂಧ್ರಗಳ ಬದಲು ಎರಡೇ ರಂಧ್ರದಷ್ಟು ಫಿಲ್ಮ್. ರೀಲಿನ ಖರ್ಚು ಅರ್ಧಕ್ಕರ್ಧ ಕಡಿಮೆ, ಜತೆಗೆ ಸಾಮಾನ್ಯ ಲೆನ್ಸಿನಲ್ಲೇ ಅಗಲ ತೆರೆ. ಹಾಗಾಗಿ ಟಿವಿಯಲ್ಲಿ ಕಾಳು ಅಳಿಸುವ ನಾಯ್ಸ್ ರಿಡಕ್ಷನ್ ಆಫ್ ಮಾಡಿ; ಇಲ್ಲದಿದ್ದರೆ ಬೆವರು, ಧೂಳು, ಕುರುಚಲು ಗಡ್ಡ ಎಲ್ಲ ಮೇಣದಂತೆ ನುಣುಪಾಗುತ್ತವೆ. ನಿರ್ದೇಶಕ ಸೆರ್ಜಿಯೋ ಲಿಯೋನಿಯ ಸಿನಿಮಾದಲ್ಲಿ ಅವಿಲ್ಲದೆ ಉಳಿಯುವುದೇನು?

ಸ್ಪೇನಿನ ಬುರ್ಗೋಸ್ ಬಳಿ ಚಿತ್ರಕ್ಕೆಂದೇ ಕಟ್ಟಿದ ಸ್ಮಶಾನದಲ್ಲಿ ನಡೆಯುವ ಮೂವರು ಬಂದೂಕುಗಾರರ ಮುಕ್ಕೋನ ಕಾಳಗಕ್ಕೇ ದುಡ್ಡು ಕೊಡಬಹುದು. ಮೊದಲು ದೂರದಿಂದ ಮೂವರೂ ಚುಕ್ಕಿಗಳು. ಆಮೇಲೆ ಸೊಂಟದ ಪಿಸ್ತೂಲು, ಬೆರಳು, ಕಣ್ಣು. ಸಂಗೀತ ನಿರ್ದೇಶಕ ಎನ್ನಿಯೋ ಮೊರಿಕೋನೆಯ ತುತ್ತೂರಿ ಏರಿದಂತೆ ಶಾಟ್‌ಗಳು ಕಿರಿದಾಗುತ್ತವೆ. ಮಾತಂತೂ ಇಲ್ಲವೇ ಇಲ್ಲ.

ಅಮೆರಿಕದ ಅಂತರ್ಯುದ್ಧದಲ್ಲಿ ಸೇತುವೆಗಾಗಿ ನಡೆಯುವ ಕದನದ ಭಾಗ ಮಾತ್ರ ಎಳೆದಾಡಿದೆ. ಹೆಣ್ಣು ಪಾತ್ರಗಳು ಹೆಸರಿಗಷ್ಟೇ. ಸದ್ದು ಕಡಿಮೆ ಇಟ್ಟು ಮೊಬೈಲಿನಲ್ಲಿ ನೋಡುವುದಾದರೆ ಬೇಡವೇ ಬೇಡ.