ಸೆಲ್ಫ್ ತಿರುಗುತ್ತದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ: ಮೀನಿನ ಪಿಕಪ್‌ನಲ್ಲಿ ಒಬಿಡಿ ಸ್ಕ್ಯಾನರ್‌ನ ನಾಲ್ಕು ವರ್ಷ

ಮಲ್ಪೆ ಬಂದರಿನಿಂದ ಶಿವಮೊಗ್ಗದ ಕಡೆಗೆ ಮೀನು ಸಾಗಿಸುವ 2018ರ ಡೀಸೆಲ್ ಪಿಕಪ್ ನನ್ನದು. ಅದಕ್ಕಾಗಿ ನಾಲ್ಕು ವರ್ಷಗಳ ಹಿಂದೆ ಸುಮಾರು ಒಂದೂವರೆ ಸಾವಿರ ರೂಪಾಯಿ ಕೊಟ್ಟು ಬ್ಲೂಟೂತ್ ಒಬಿಡಿ ಸ್ಕ್ಯಾನರ್ ತರಿಸಿಕೊಂಡೆ. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಈ ಸಾಧನವನ್ನು ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿದರೆ, ಇಂಜಿನ್ನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್ ಆದ ಇಸಿಯು ದಾಖಲಿಸಿಕೊಂಡ ಎರರ್ ಕೋಡ್‌ಗಳೂ ಸೆನ್ಸರ್‌ಗಳ ಅಂಕಿಗಳೂ ಮೊಬೈಲಿನಲ್ಲಿ ಕಾಣಿಸುತ್ತವೆ. ಮಾರುವವರು ಕೋಡ್‌ಗಳನ್ನೇ ಹೊಗಳುತ್ತಾರೆ. ನನ್ನ ದುಡ್ಡು ವಸೂಲಾದದ್ದು ಮಾತ್ರ ಸೆಲ್ಫ್ ಹೊಡೆಯುತ್ತಿರುವಾಗ ಕಾಣುವ ಎರಡು ಅಂಕಿಗಳಿಂದ: ಇಂಜಿನ್ ತಿರುಗುವ ವೇಗ ಮತ್ತು ರೈಲಿನಲ್ಲಿ, ಅಂದರೆ ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕೊಳವೆಯಲ್ಲಿ, ಏರುವ ಡೀಸೆಲ್ ಒತ್ತಡ.

ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟುಗಳು ಕಡಲಿಗಿಳಿಯುವಂತಿಲ್ಲವಾದ್ದರಿಂದ, ಆ ಎರಡು ತಿಂಗಳು ನಮ್ಮ ಗಾಡಿಯೂ ಶೆಡ್ಡಿನಲ್ಲೇ ನಿಲ್ಲುತ್ತದೆ. ಸ್ಕ್ಯಾನರ್ ತಂದ ವರ್ಷ ಆಗಸ್ಟ್ ಮೊದಲ ವಾರದ ಬೆಳಗಿನ ಜಾವ ನಾಲ್ಕಕ್ಕೆ ಚಾಲಕನ ಕರೆ ಬಂತು: "ಅಣ್ಣಾ, ಸೆಲ್ಫ್ ಸರಿ ತಿರುಗ್ತದೆ, ಗಾಡಿ ಸ್ಟಾರ್ಟ್ ಆಗುದಿಲ್ಲ." ಹೋಗಿ ನೋಡಿದರೆ ಸೈಲೆನ್ಸರಿನಿಂದ ಹೊಗೆಯ ಸುಳಿವೂ ಇಲ್ಲ, ಅಂದರೆ ಸಿಲಿಂಡರಿಗೆ ಡೀಸೆಲ್ಲೇ ಹೋಗುತ್ತಿಲ್ಲ. ಅವನು ಕೀಲಿ ತಿರುಗಿಸುತ್ತಿದ್ದಂತೆ ಮೊಬೈಲ್ ನೋಡಿದೆ. ವೇಗ ನಿಮಿಷಕ್ಕೆ 220 ಸುತ್ತಿನ ಆಸುಪಾಸು, ಆದರೆ ಒತ್ತಡ 4,000 ಕಿಲೋಪಾಸ್ಕಲ್ ದಾಟಲಿಲ್ಲ. ನೂರರಿಂದ ಭಾಗಿಸಿದರೆ ಅದು 40 ಬಾರ್. ಇಂತಹ ಕಾಮನ್ ರೈಲ್ ಇಂಜಿನ್ನುಗಳಲ್ಲಿ ಸಾಮಾನ್ಯವಾಗಿ 200 ಬಾರ್ ಆಸುಪಾಸಿಗೆ ಬಾರದೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ಇಸಿಯು ತೆರೆಯುವುದೇ ಇಲ್ಲ.

ದಾಖಲಾಗಿದ್ದ ಕೋಡ್ ಪಿ0087, ಎಂದರೆ ರೈಲಿನ ಒತ್ತಡ ಕಡಿಮೆ. ಇಷ್ಟನ್ನು ಓದಿ ಹೈ ಪ್ರೆಷರ್ ಪಂಪ್ ಬದಲಿಸಲು ಹೊರಟಿದ್ದರೆ ಹತ್ತಾರು ಸಾವಿರ ನೀರುಪಾಲಾಗುತ್ತಿತ್ತು. ಫಿಲ್ಟರ್ ಮೇಲಿನ ಕೈಪಂಪನ್ನು ಒತ್ತಿ ನೋಡಿದೆ. ಎಷ್ಟು ಒತ್ತಿದರೂ ಗಟ್ಟಿಯಾಗಲಿಲ್ಲ, ಅಂದರೆ ಎಲ್ಲೋ ಗಾಳಿ ಸೇರುತ್ತಿದೆ. ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ ಗಾಜಿನ ಲೋಟ ಹಿಡಿದಾಗ ಮೊದಲು ಬಿದ್ದದ್ದು ನೀರು. ಆಮೇಲೆ ಬಂದ ಡೀಸೆಲ್ ಅದರ ಮೇಲೆ ಬೇರೆಯೇ ಪದರವಾಗಿ ನಿಂತಿತು. ಫಿಲ್ಟರನ್ನೂ ಒಣಗಿ ಬಿರುಕು ಬಿಟ್ಟಿದ್ದ ರಬ್ಬರ್ ಓ-ರಿಂಗನ್ನೂ ಬದಲಿಸಿ, ಕೈಪಂಪಿನಿಂದ ಏರ್ ತೆಗೆದ ಮೇಲೆ ಸೆಲ್ಫ್ ಹೊಡೆದರೆ ಒತ್ತಡ 260 ಬಾರ್‌ಗೆ ಏರಿತು, ಗಾಡಿ ಸ್ಟಾರ್ಟ್ ಆಯಿತು.

ಎರಡನೆಯ ಸಲ ತೊಂದರೆ ಬಂದಾಗ ಸೆಲ್ಫ್ ಜೋರಾಗಿ ತಿರುಗುತ್ತಿದ್ದರೂ ಮೊಬೈಲಿನಲ್ಲಿ ವೇಗ ಸೊನ್ನೆ. ಇಂಜಿನ್ ತಿರುಗುತ್ತಿದೆ ಎಂಬುದೇ ಇಸಿಯುಗೆ ಗೊತ್ತಿಲ್ಲದಿದ್ದರೆ ಅದು ಡೀಸೆಲ್ ಬಿಡುವುದಾದರೂ ಹೇಗೆ? ಕೋಡ್ ಪಿ0335, ಇಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟಿನದು. ಒಂದು ವರ್ಕ್‌ಶಾಪಿನಲ್ಲಿ ಸೆನ್ಸರನ್ನೇ ಬದಲಿಸಿದರು; ಹನ್ನೆರಡನೆಯ ದಿನ ಮತ್ತೆ ಅದೇ ರೋಗ. ಕೊನೆಗೆ ನಾನೇ ಕನೆಕ್ಟರ್ ಬಿಚ್ಚಿ ನೋಡಿದಾಗ ಒಂದು ಪಿನ್ನಿನ ಸುತ್ತ ಹಸಿರು ಕಿಲುಬು ಹುಡಿಹುಡಿಯಾಗಿ ಕೂತಿತ್ತು. ಬಂಗುಡೆ, ಬೂತಾಯಿ ಪೆಟ್ಟಿಗೆಗಳಿಂದ ಸೋರುವ ಉಪ್ಪುನೀರು ಚಾಸಿಯ ಕೆಳಗೆಲ್ಲ ಇಳಿಯುವಾಗ ವೈರಿಂಗ್ ಬಾಳುವುದು ಕಷ್ಟವೇ. ಕೋಡ್ ಸುಳ್ಳು ಹೇಳಿರಲಿಲ್ಲ. ಅದು ಹೇಳಿದ್ದು ಸರ್ಕ್ಯೂಟ್ ಎಂದು, ನಾವು ಓದಿಕೊಂಡದ್ದು ಸೆನ್ಸರ್ ಎಂದು.

ಇನ್ನು ದೂರುಗಳು. ಬ್ಯಾಟರಿ ದುರ್ಬಲವಾಗಿದ್ದರೆ, ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ಕುಸಿದು ಈ ಸಾಧನ ಮೊಬೈಲಿನ ಸಂಪರ್ಕವನ್ನೇ ಕಳೆದುಕೊಳ್ಳುತ್ತದೆ. ಅಂಕಿ ಬೇಕಾದ ಹೊತ್ತಿನಲ್ಲೇ ಪರದೆ ಖಾಲಿ. ಆದ್ದರಿಂದ ಈಗ ಮೊದಲು ಮಲ್ಟಿಮೀಟರ್ ಹಿಡಿಯುತ್ತೇನೆ: ನಿಂತ ಬ್ಯಾಟರಿಯಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು, ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಸಾಕೆಟ್ಟಿನಲ್ಲಿ ಸದಾ ಕರೆಂಟ್ ಇರುವುದರಿಂದ ಸ್ಕ್ಯಾನರನ್ನು ಅಲ್ಲೇ ಬಿಟ್ಟರೆ ನಿಂತ ಗಾಡಿಯ ಬ್ಯಾಟರಿಯನ್ನು ಅದು ಸ್ವಲ್ಪಸ್ವಲ್ಪವೇ ಹೀರುತ್ತದೆ. ಜೊತೆಗೆ ಬಂದ ಆ್ಯಪ್ ಜಾಹೀರಾತುಗಳಿಂದ ತುಂಬಿದ್ದರಿಂದ ಅದನ್ನು ತೆಗೆದು ಬೇರೆಯದನ್ನು ಹಣ ಕೊಟ್ಟು ಹಾಕಿಕೊಂಡೆ.

ಕಳೆದ ಮಳೆಗಾಲದಲ್ಲಿ ಈ ಸ್ಕ್ಯಾನರ್ ಪೂರ್ತಿ ಕೈಕೊಟ್ಟದ್ದೂ ಉಂಟು. ವೇಗ ಸರಿ, ಒತ್ತಡ ಸರಿ, ಕೋಡ್ ಒಂದೂ ಇಲ್ಲ; ಆದರೂ ಗಾಡಿ ಸ್ಟಾರ್ಟ್ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ಕೀಲಿಯ ಚಿತ್ರದ ದೀಪ ಮಿನುಗುತ್ತಿದ್ದುದನ್ನು ಗಮನಿಸಲು ನನಗೆ ಅರ್ಧ ಗಂಟೆ ಬೇಕಾಯಿತು. ಚಾಲಕನ ಜೇಬಿನಲ್ಲಿ ನೆನೆದಿದ್ದ ಕೀಲಿಯ ಚಿಪ್ಪನ್ನು ಇಮ್ಮೊಬಿಲೈಸರ್, ಅಂದರೆ ಸರಿಯಾದ ಕೀಲಿ ಇಲ್ಲದಿದ್ದರೆ ಇಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ಕಳ್ಳತನ ನಿರೋಧಕ ವ್ಯವಸ್ಥೆ, ಗುರುತಿಸಿರಲಿಲ್ಲ. ಆ ವಿಭಾಗದ ಮಾಹಿತಿಯನ್ನು ಓದುವುದು ಈ ಬೆಲೆಯ ಸ್ಕ್ಯಾನರಿಗೆ ಸಾಧ್ಯವಿಲ್ಲ. ಮನೆಯಿಂದ ಎರಡನೆಯ ಕೀಲಿ ತರಿಸಿ ತಿರುಗಿಸಿದ ಕೂಡಲೇ ಇಂಜಿನ್ ಹೊತ್ತಿಕೊಂಡಿತು. ಅಷ್ಟರಲ್ಲಿ ಹಿಂದಿನ ಪೆಟ್ಟಿಗೆಗಳಲ್ಲಿ ಐಸ್ ಅರ್ಧ ಕರಗಿತ್ತು.