ಹನೋಯ್‌ನಿಂದ ಸೈಗಾನ್‌ಗೆ ಒಬ್ಬರೇ ಹೊರಟರೆ: ರೈಲೋ, ಸ್ಲೀಪರ್ ಬಸ್ಸೋ, ವಿಮಾನವೋ, ಬೈಕೋ?

ವಿಯೆಟ್ನಾಂ ಉದ್ದನೆಯ ದೇಶ. ಉತ್ತರದ ಹನೋಯ್‌ನಿಂದ ದಕ್ಷಿಣದ ಹೋ ಚಿ ಮಿನ್ ಸಿಟಿಗೆ ರೈಲು ಹಳಿಯ ಲೆಕ್ಕದಲ್ಲಿ 1,726 ಕಿ.ಮೀ. (ಊರಿನ ಹೆಸರು ಬದಲಾದರೂ ರೈಲ್ವೆ ಸ್ಟೇಷನ್ ಈಗಲೂ ಸೈಗಾನ್ ಎಂದೇ ಇದೆ, ಟಿಕೆಟ್ ಹುಡುಕುವಾಗ ಬೇಕಾಗುತ್ತದೆ.) ಇಬ್ಬರು ಮೂವರಿದ್ದರೆ ದುಡ್ಡು ಮತ್ತು ಗಂಟೆ ನೋಡಿ ಆರಿಸಿದರೆ ಸಾಕು. ಒಬ್ಬರೇ ಇದ್ದಾಗ ಕೇಳಬೇಕಾದ ಪ್ರಶ್ನೆಗಳು ಬೇರೆ. ಎಷ್ಟು ಹೊತ್ತಿಗೆ, ಎಲ್ಲಿ ಇಳಿಸುತ್ತಾರೆ? ಟಾಯ್ಲೆಟ್‌ಗೆ ಎದ್ದರೆ ಬ್ಯಾಗ್ ಗತಿಯೇನು? ನಡುರಾತ್ರಿಯ ಟ್ಯಾಕ್ಸಿ ಬಾಡಿಗೆ ಹಂಚಿಕೊಳ್ಳಲು ಯಾರಿದ್ದಾರೆ? ಹೀಗೆ ನೋಡಿದರೆ ಇಡೀ ದೇಶಕ್ಕೆ ಒಂದೇ ವಾಹನ ಹಿಡಿಯುವುದು ದಡ್ಡತನ. ಒಂದೊಂದು ತುಂಡಿಗೆ ಒಂದೊಂದು ಸರಿ.

ರೈಲಿಗೆ ನಮ್ಮ ಮೊದಲ ಮತ, ಆದರೆ ಹನೋಯ್‌ನಿಂದ ದೇಶದ ನಡುಭಾಗದ ದನಾಂಗ್‌ವರೆಗೆ ಮಾತ್ರ. ಸಂಜೆ ಏಳರಿಂದ ಒಂಬತ್ತರೊಳಗೆ ಹೊರಡುವ ಗಾಡಿ ಹಿಡಿದರೆ 688 ಕಿ.ಮೀ. ದೂರದ ಹುಯೆಗೆ ಬೆಳಗ್ಗೆ ಬರುತ್ತದೆ, ಅಂದರೆ ಇಳಿಯುವುದು ಹಗಲಲ್ಲಿ, ಊರಿನ ಒಳಗೇ. ದಕ್ಷಿಣಕ್ಕೆ ಹೋಗುವ ಗಾಡಿಗಳಿಗೆ ಎಸ್‌ಇ1, ಎಸ್‌ಇ3 ಹೀಗೆ ಬೆಸ ಸಂಖ್ಯೆ, ವಾಪಸ್ ಬರುವವಕ್ಕೆ ಸಮ ಸಂಖ್ಯೆ. ನಾಲ್ಕು ಬರ್ತ್‌ನ ಕೂಪೆ ಮತ್ತು ಆರು ಬರ್ತ್‌ನ ಕೂಪೆ ಎಂದು ಎರಡು ಬಗೆ. ಆರರ ಕೂಪೆಯಲ್ಲಿ ತೀರಾ ಮೇಲಿನ ಬರ್ತ್ ಎಲ್ಲಕ್ಕಿಂತ ಅಗ್ಗ, ಆದರೆ ಎದ್ದು ಕೂರಲು ತಲೆ ತಾಗುತ್ತದೆ. ಒಬ್ಬರೇ ಇದ್ದರೆ ನಾಲ್ಕರ ಕೂಪೆಯಲ್ಲಿ ಲೋವರ್ ತೆಗೆದುಕೊಳ್ಳಿ. ದೊಡ್ಡ ಬ್ಯಾಗ್ ಬರ್ತ್ ಅಡಿಗೆ ಹೋಗುತ್ತದೆ, ಅದರ ಮೇಲೆ ನೀವೇ ಮಲಗಿರುತ್ತೀರಿ. ಹಗಲಲ್ಲಿ ಮೇಲಿನವರು ಬಂದು ನಿಮ್ಮ ಹಾಸಿಗೆ ಮೇಲೆ ಕೂರುವುದು ಅಲ್ಲೂ ಉಂಟು. ನಮ್ಮ ರೈಲುಗಳಲ್ಲಿ ಓಡಾಡಿದವರಿಗೆ ಇದೇನೂ ಹೊಸದಲ್ಲ.

ಹುಯೆಯಿಂದ ದನಾಂಗ್‌ಗೆ ನೂರು ಕಿ.ಮೀ. ಚಿಲ್ಲರೆ, ಎರಡೂವರೆಯಿಂದ ಮೂರು ಗಂಟೆ. ಹಾಯ್ ವಾನ್ ಘಟ್ಟದಲ್ಲಿ ಹಳಿ ಸಮುದ್ರದ ಅಂಚಿಗೇ ಅಂಟಿಕೊಂಡು ಹೋಗುತ್ತದೆ. ಈ ತುಂಡನ್ನು ಕತ್ತಲಲ್ಲಿ ದಾಟಬೇಡಿ. ದಕ್ಷಿಣಕ್ಕೆ ಹೋಗುವಾಗ ಸಮುದ್ರ ಎಡಕ್ಕೆ. ಸ್ಲೀಪರ್ ಬೋಗಿಯಲ್ಲಿ ನಿಮ್ಮ ಕೂಪೆ ಬಲಕ್ಕೆ ಬಿದ್ದರೆ ಕಾರಿಡಾರ್‌ನಲ್ಲಿ ನಿಂತು ನೋಡಬೇಕಾಗುತ್ತದೆ. ಅದಕ್ಕೆ ಹುಯೆಯಲ್ಲಿ ಒಂದು ದಿನ ಇಳಿದು, ಈ ತುಂಡಿಗೆ ಮಾತ್ರ ಎಡಬದಿಯ ಸೀಟು ತೆಗೆಯುವುದೇ ಮೇಲು.

ತೊಂದರೆಗಳೂ ಇವೆ. ಬಹುಪಾಲು ಒಂಟಿ ಹಳಿ, ಎದುರಿನ ಗಾಡಿಗೆ ಕಾಯುವುದರಿಂದ ಅರ್ಧ ಗಂಟೆ, ಒಂದು ಗಂಟೆ ತಡವಾಗುವುದು ಸಾಮಾನ್ಯ. ಆದ್ದರಿಂದ ವೇಳಾಪಟ್ಟಿಯನ್ನೇ ನಂಬಿ ಅಲಾರಂ ಇಟ್ಟರೆ ಸಾಲದು, ಫೋನ್ ಮ್ಯಾಪ್‌ನಲ್ಲಿ ಗಾಡಿ ಎಲ್ಲಿದೆ ನೋಡಿಕೊಳ್ಳಿ. ತಳ್ಳುಗಾಡಿಯಲ್ಲಿ ಬರುವ ಊಟ ಬಹುತೇಕ ಮಾಂಸದ್ದೇ. ಬೋಗಿಯಲ್ಲಿ ಬಿಸಿನೀರು ಸಿಗುತ್ತದೆ, ಕಪ್ ನೂಡಲ್ಸ್ ಒಯ್ದರೆ ಸಸ್ಯಾಹಾರಿಗಳಿಗೆ ರಾತ್ರಿ ಕಳೆಯುತ್ತದೆ. ಪ್ಯಾಕೆಟ್ ಮೇಲೆ ಸಿ-ಎಚ್-ಎ-ವೈ ಎಂಬ ನಾಲ್ಕಕ್ಷರ ಹುಡುಕಿ, ಅದು ಸಸ್ಯಾಹಾರದ ಗುರುತು. ಇನ್ನು, ಚಾಂದ್ರಮಾನ ಹೊಸ ವರ್ಷವಾದ ಟೆಟ್ ಸಮಯದಲ್ಲಿ, ಅಂದರೆ ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ, ಟಿಕೆಟ್ ಸಿಗುವುದೇ ಕಷ್ಟ. ಅಕ್ಟೋಬರ್, ನವೆಂಬರ್‌ನಲ್ಲಿ ಮಧ್ಯ ವಿಯೆಟ್ನಾಂಗೆ ನೆರೆ ಬಂದರೆ ಗಾಡಿಯೇ ನಿಲ್ಲಬಹುದು.

ಸ್ಲೀಪರ್ ಬಸ್ ಅಗ್ಗ, ಎಲ್ಲ ಊರಿಗೂ ಇದೆ. ಅದರ ಒಳಗೇನಿದೆ ಎಂದು ಮೊದಲೇ ತಿಳಿದಿರಬೇಕು. ನಮ್ಮ ಕೆಎಸ್‌ಆರ್‌ಟಿಸಿ ಅಂಬಾರಿಯಲ್ಲಿ ಕಾಲು ಚಾಚಿ ನೆಟ್ಟಗೆ ಮಲಗುವ ಹಾಗಲ್ಲ. ಉದ್ದಕ್ಕೆ ಮೂರು ಸಾಲು, ಎರಡು ಅಂತಸ್ತು. ಅರ್ಧ ಒರಗುವ ಕುರ್ಚಿ. ನಿಮ್ಮ ಪಾದ ಮುಂದಿನವರ ಬೆನ್ನಿನ ಅಡಿಯ ಪೆಟ್ಟಿಗೆಯೊಳಗೆ ಹೋಗುತ್ತದೆ. ಐದಡಿ ಎಂಟಂಗುಲಕ್ಕಿಂತ ಎತ್ತರದವರಿಗೆ ರಾತ್ರಿಯಿಡೀ ಮೊಣಕಾಲು ಮಡಚಿಯೇ ಇರಬೇಕು. ಪರದೆ ಇರುವ ‘ಕ್ಯಾಬಿನ್’ ಬಸ್ಸುಗಳು ಸ್ವಲ್ಪ ದುಬಾರಿ, ಆದರೆ ರಾತ್ರಿ ಪ್ರಯಾಣಕ್ಕೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಮಾಮೂಲಿ ಬಸ್ಸಿನ ಕೊನೆಯ ಸಾಲು ಬೇಡವೇ ಬೇಡ: ನಡುವೆ ಜಾಗವಿಲ್ಲದೆ ಐವರು ಭುಜಕ್ಕೆ ಭುಜ ತಾಗಿಸಿ ಮಲಗಬೇಕು, ಕುಲುಕಾಟವೂ ಅಲ್ಲೇ ಹೆಚ್ಚು.

ಹತ್ತುವಾಗ ಬಾಗಿಲಲ್ಲೇ ಶೂ ಬಿಚ್ಚಿ, ಕೊಟ್ಟ ಪ್ಲಾಸ್ಟಿಕ್ ಕವರಿಗೆ ಹಾಕಿಕೊಳ್ಳಬೇಕು. ಊಟಕ್ಕೆ ನಿಲ್ಲಿಸಿದಾಗ ಬಾಗಿಲ ಬಳಿ ಬುಟ್ಟಿ ತುಂಬ ರಬ್ಬರ್ ಚಪ್ಪಲಿ ಇಟ್ಟಿರುತ್ತಾರೆ, ಸಿಕ್ಕ ಜೋಡಿ ಮೆಟ್ಟಿ ಇಳಿಯುವುದು. ಇಳಿದ ತಕ್ಷಣ ಬಸ್ಸಿನ ನಂಬರ್ ಪ್ಲೇಟ್ ಫೋಟೊ ತೆಗೆಯಿರಿ. ಅದೇ ಬಣ್ಣದ ಬಸ್ಸುಗಳು ಸಾಲಾಗಿ ನಿಂತಿರುತ್ತವೆ, ಒಬ್ಬರು ಕಡಿಮೆಯಾದರೆ ಯಾರೂ ಹುಡುಕುವುದಿಲ್ಲ. ಪಾಸ್‌ಪೋರ್ಟ್ ಮತ್ತು ದುಡ್ಡು ಮೈಮೇಲಿರಲಿ. ಅಂಗಡಿಯ ಮಬ್ಬು ಬೆಳಕಲ್ಲಿ 20,000 ಮತ್ತು 5,00,000 ಡಾಂಗ್ ನೋಟುಗಳೆರಡೂ ನೀಲಿಯಾಗೇ ಕಾಣುತ್ತವೆ, ಸೊನ್ನೆ ಎಣಿಸಿಯೇ ಕೊಡಿ.

ಬಸ್ಸಿನ ದೊಡ್ಡ ದೋಷ ಇಳಿಸುವ ಹೊತ್ತು. ಹನೋಯ್‌ನಿಂದ ಫಾಂಗ್ ನ್ಯಾ ಗುಹೆಗಳ ಕಡೆ ರಾತ್ರಿ ಹೊರಟ ಬಸ್ ನಸುಕಿನ ನಾಲ್ಕಕ್ಕೆಲ್ಲ ಮುಟ್ಟಿಸಿಬಿಡುತ್ತದೆ. ದೂರದೂರಿನ ಬಸ್ಸಾದರೆ ನಡುವಿನವರನ್ನು ಬೈಪಾಸ್‌ನಲ್ಲೇ ಇಳಿಸಿ ಹೋಗುವುದೂ ಉಂಟು. ಟಿಕೆಟ್ ಕೊಳ್ಳುವಾಗ ‘ಊರೊಳಗೆ ಇಳಿಸುತ್ತೀರಾ, ಯಾವ ಆಫೀಸಿನ ಮುಂದೆ’ ಎಂದು ಮ್ಯಾಪ್ ತೋರಿಸಿ ಕೇಳಿ. ಹತ್ತಿಸಿಕೊಳ್ಳುವ ಮೊದಲು ಡ್ರೈವರ್ ಫೋನ್ ಮಾಡುತ್ತಾನೆ. ಬರೀ ಡೇಟಾ ಇರುವ ಇ-ಸಿಮ್ ಇದ್ದರೆ ಆ ಕರೆ ಬರುವುದಿಲ್ಲ, ಬಸ್ ತಪ್ಪುತ್ತದೆ. ಸ್ಥಳೀಯ ನಂಬರ್ ಇರುವ ಸಿಮ್ ಹಾಕಿಸಿ, ಇಲ್ಲವೇ ಹಾಸ್ಟೆಲ್‌ನವರ ನಂಬರ್ ಕೊಡಿ. ಇಷ್ಟೆಲ್ಲ ಹೇಳಿದರೂ ಹನೋಯ್‌ನಿಂದ ಉತ್ತರದ ಬೆಟ್ಟದೂರು ಸಾಪಾಗೆ ಹಗಲು ಬಸ್ಸೇ ಸರಿ. ಎಕ್ಸ್‌ಪ್ರೆಸ್‌ವೇ ಇರುವುದರಿಂದ ಐದಾರು ಗಂಟೆ. ರೈಲಾದರೆ ಲಾವ್ ಕಾಯ್‌ವರೆಗೇ ರಾತ್ರಿಯಿಡೀ ಹೋಗಿ, ಅಲ್ಲಿಂದ ಮತ್ತೆ ವ್ಯಾನ್ ಹಿಡಿಯಬೇಕು.

ವಿಮಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹನೋಯ್–ಸೈಗಾನ್ ಎರಡು ಗಂಟೆ ಚಿಲ್ಲರೆ. ಇಡೀ ದೂರಕ್ಕೆ ರೈಲಿನ ನಾಲ್ಕರ ಕೂಪೆಯ ದರ, ಅಗ್ಗದ ವಿಮಾನದ ದರ ಹೆಚ್ಚುಕಡಿಮೆ ಒಂದೇ. ದನಾಂಗ್‌ನಿಂದ ಸೈಗಾನ್‌ಗೆ ಮಾತ್ರ ವಿಮಾನ ಹಿಡಿಯಿರಿ: ರೈಲಿನ ಹದಿನಾರು ಹದಿನೇಳು ಗಂಟೆ ಉಳಿಯುತ್ತದೆ. ದಾರಿಯಲ್ಲಿ ಸಿಗುವ ಕಡಲ ತೀರದ ನಾ ಟ್ರಾಂಗ್ ನೋಡಲೇಬೇಕೆಂದರೆ ಮಾತು ಬೇರೆ. ಅಗ್ಗದ ವಿಮಾನಗಳಲ್ಲಿ ಕ್ಯಾಬಿನ್ ಬ್ಯಾಗ್ 7 ಕೆ.ಜಿ. ಮಿತಿಯನ್ನು ಗೇಟಿನಲ್ಲಿ ತೂಗಿ ನೋಡುತ್ತಾರೆ, ಪವರ್ ಬ್ಯಾಂಕ್ ಮತ್ತು ಜಾಕೆಟ್ ಜೇಬಿಗೆ ಹಾಕಿಕೊಳ್ಳಿ. ನಮ್ಮವರ ಪಾಸ್‌ಪೋರ್ಟ್‌ಗಳಲ್ಲಿ ಸರ್‌ನೇಮ್ ಜಾಗ ಖಾಲಿ ಇರುವುದು ಹೆಚ್ಚು. ಖಾಲಿ ಬಿಟ್ಟರೆ ಏನು ತುಂಬಬೇಕೆಂಬ ನಿಯಮ ವಿಮಾನ ಕಂಪನಿಯಿಂದ ಕಂಪನಿಗೆ ಬೇರೆ, ಬುಕ್ ಮಾಡುವ ಮೊದಲೇ ಓದಿ. ಇ-ವೀಸಾದಲ್ಲಿ ಮಾತ್ರ ಪಾಸ್‌ಪೋರ್ಟ್‌ನಲ್ಲಿದ್ದಂತೆಯೇ ಇರಬೇಕು.

ಬೈಕ್ ಓಡಿಸುವ ಆಸೆ ಇದ್ದವರಿಗೆ ಒಂದು ಕಹಿ ಸುದ್ದಿ. ನಮ್ಮ ಆರ್‌ಟಿಒ ಕೊಡುವ ಇಂಟರ್‌ನ್ಯಾಷನಲ್ ಪರ್ಮಿಟ್ 1949ರ ಜಿನೀವಾ ಒಪ್ಪಂದದ್ದು. ವಿಯೆಟ್ನಾಂ ಸೇರಿರುವುದು 1968ರ ವಿಯೆನ್ನಾ ಒಪ್ಪಂದಕ್ಕೆ. ಬಾಡಿಗೆ ಅಂಗಡಿಯವರು ಕೇಳದೆ ಬೈಕ್ ಕೊಡುತ್ತಾರೆ, ಆದರೆ ಪೊಲೀಸರು ಹಿಡಿದರೆ ದಂಡ, ಬಿದ್ದರೆ ವಿಮೆಯವರು ಕೈ ತೊಳೆದುಕೊಳ್ಳುತ್ತಾರೆ. ಉತ್ತರದ ತುದಿಯ ಹಾ ಜಿಯಾಂಗ್ ಬೆಟ್ಟಗಳ ಸುತ್ತಿಗೆ ಸ್ಥಳೀಯ ಸವಾರನ ಹಿಂದೆ ಕೂತು ಹೋಗುವ ವ್ಯವಸ್ಥೆಯಿದೆ, ಮೂರು ದಿನ ಎರಡು ರಾತ್ರಿ ಸಾಕು. ದೊಡ್ಡ ಬ್ಯಾಗ್ ಹಾಸ್ಟೆಲ್‌ನಲ್ಲೇ ಬಿಟ್ಟು, ಎರಡು ಜೊತೆ ಬಟ್ಟೆಯ ಸಣ್ಣ ಚೀಲವನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಹಿಂದೆ ಕಟ್ಟಿಸಿ. ಡಿಸೆಂಬರ್, ಜನವರಿಯಲ್ಲಿ ಬೆಟ್ಟದ ಮೇಲೆ ಚಳಿ ಜೋರು; ಹಿಂದೆ ಕೂತವರ ಬೆರಳು ಮರಗಟ್ಟುತ್ತದೆ, ಗ್ಲೌಸ್ ಬೇಕು. ಹೆಲ್ಮೆಟ್ ಪಟ್ಟಿ ಗಲ್ಲದ ಕೆಳಗೆ ಸರಿಯಾಗಿ ಬಿಗಿಯಾಗುತ್ತದೆಯೇ ಎಂದು ಅಂಗಳದಲ್ಲೇ ಎಳೆದು ನೋಡಿ, ಸಡಿಲವಿದ್ದರೆ ಬೇರೆ ಕೇಳಿ.