ಹಿತ್ತಲ ಮನೆಗೆ ಎಫ್‌ವೈಐ ವೋಚರ್: ಬಾಡಿಗೆ ಕೊಟ್ಟವರ ಕಡೆಯಿಂದ ಒಂದು ರಿವ್ಯೂ

ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿ ಹಿತ್ತಲಲ್ಲಿ ಎಡಿಯು, ಅಂದರೆ ಚಿಕ್ಕ ಎರಡನೇ ಮನೆ, ಕಟ್ಟಿಸಿ ಬಾಡಿಗೆಗೆ ಬಿಡುವ ಕನ್ನಡದವರು ಈಗ ಬಹಳ ಇದ್ದಾರೆ. ಎಂಥವರು ಬೇಕು ಅಂತ ಕೇಳಿದರೆ ಎಲ್ಲರೂ ಹೇಳುವುದು ಒಂದೇ. ಟೆಕ್ ಕೆಲಸ, ಒಳ್ಳೆ ಕ್ರೆಡಿಟ್ ಸ್ಕೋರ್, ಬಾಡಿಗೆಯ ಮೂರು ಪಟ್ಟು ಸಂಬಳ. ನಾವು ಫಾಸ್ಟರ್ ಕೇರ್‌ನಿಂದ (ಹೆತ್ತವರ ಬಳಿ ಇರಲಾಗದ ಮಕ್ಕಳನ್ನು ಸರ್ಕಾರ ಬೇರೆ ಕಡೆ ಇಟ್ಟು ನೋಡಿಕೊಳ್ಳುವ ವ್ಯವಸ್ಥೆ) ಹೊರಬಂದ ಒಬ್ಬ ಹುಡುಗನಿಗೆ ಕೊಟ್ಟೆವು, ಎಫ್‌ವೈಐ ವೋಚರ್ ಮೇಲೆ, ಅಂದರೆ ಬಾಡಿಗೆಯ ಒಂದು ಪಾಲನ್ನು ಸರ್ಕಾರ ಕಟ್ಟುವ ಯೋಜನೆಯಲ್ಲಿ. ಪೂರ್ತಿ ಹೆಸರು ಫಾಸ್ಟರ್ ಯೂತ್ ಟು ಇಂಡಿಪೆಂಡೆನ್ಸ್. ಅವನು ಬಂದು ವರ್ಷ ದಾಟಿದೆ. ಮನೆ ಇರುವವರಿಗೆ ಇದು ಹೇಗೆ ನಡೆಯುತ್ತದೆ ಅಂತ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಕ್ಯಾಲಿಫೋರ್ನಿಯಾದಲ್ಲಿ ಹಿಂದೆ 18 ತುಂಬಿದರೆ ಫಾಸ್ಟರ್ ಕೇರ್ ಮುಗಿಯುತ್ತಿತ್ತು. 2010ರಲ್ಲಿ ಎಬಿ 12 ಕಾನೂನು ಬಂತು. ಜಿಮ್ ಬೀಲ್ ಮತ್ತು ಕ್ಯಾರನ್ ಬ್ಯಾಸ್ ತಂದದ್ದು. 2012ರಿಂದ ಜಾರಿಗೆ ಬಂದು, ಈಗ ಓದುತ್ತಲೋ ಕೆಲಸ ಮಾಡುತ್ತಲೋ ಇದ್ದರೆ 21ರವರೆಗೆ ನೆರವು ಸಿಗುತ್ತದೆ. ತಪ್ಪು ಮಾಡಿ ಪ್ರೊಬೇಶನ್ ಮೇಲಿದ್ದು, ಕೋರ್ಟ್ ಆದೇಶದಿಂದ ಫಾಸ್ಟರ್ ಕೇರ್‌ಗೆ ಸೇರಿದ (ಇದನ್ನೇ ಪ್ಲೇಸ್‌ಮೆಂಟ್ ಅನ್ನುತ್ತಾರೆ) ಮಕ್ಕಳಿಗೂ ಇದು ಅನ್ವಯಿಸುತ್ತದೆ. ಆದರೆ 21ರ ಹುಟ್ಟುಹಬ್ಬದ ದಿನ ಆ ದುಡ್ಡು ನಿಂತುಹೋಗುತ್ತದೆ. ಬೇ ಏರಿಯಾದ ಬಾಡಿಗೆ ನಮಗೆಲ್ಲ ಗೊತ್ತಲ್ವಾ? ಅಪ್ಪ ಅಮ್ಮನ ಮನೆಗೆ ವಾಪಸ್ ಹೋಗುವ ದಾರಿ ಇಲ್ಲದ 21ರ ಮಗು ಎಲ್ಲಿ ಹೋಗಬೇಕು?

ಈ ಜಾಗದಲ್ಲಿ ಕೈ ಹಿಡಿಯುವುದು ಎಫ್‌ವೈಐ. ಅಮೆರಿಕದ ಕೇಂದ್ರ ಸರ್ಕಾರದ ವಸತಿ ಇಲಾಖೆ ಹಡ್ ಇದನ್ನು 2019ರಲ್ಲಿ ಶುರು ಮಾಡಿತು. ಒಹಾಯೊದಲ್ಲಿ ಫಾಸ್ಟರ್ ಕೇರ್‌ನಲ್ಲಿ ಬೆಳೆದವರೇ ವಾಷಿಂಗ್ಟನ್‌ವರೆಗೆ ಹೋಗಿ, ಬಿಡದೆ ಕೇಳಿ ಪಡೆದ ಯೋಜನೆ ಇದು. ಅದಕ್ಕೇ ನನಗೆ ಇದರ ಮೇಲೆ ಗೌರವ ಜಾಸ್ತಿ. 18ರಿಂದ 24ರ ವಯಸ್ಸಿನವರಿಗೆ, ಫಾಸ್ಟರ್ ಕೇರ್‌ನಿಂದ ಹೊರಬಂದು ಈಗ ಸೂರಿಲ್ಲದವರಿಗೆ ಅಥವಾ ಸೂರು ಕಳೆದುಕೊಳ್ಳುವ ಸ್ಥಿತಿಯಲ್ಲಿರುವವರಿಗೆ ಸಿಗುತ್ತದೆ. ಮಕ್ಕಳ ಇಲಾಖೆ ಹೆಸರು ಕಳಿಸುತ್ತದೆ, ಸ್ಥಳೀಯ ವಸತಿ ಸಂಸ್ಥೆಯಾದ ಹೌಸಿಂಗ್ ಅಥಾರಿಟಿ ವೋಚರ್ ಕೊಡುತ್ತದೆ. ಹುಡುಗ ತನ್ನ ಆದಾಯದ ಸುಮಾರು 30% ಬಾಡಿಗೆಗೆ ಕಟ್ಟುತ್ತಾನೆ. ಉಳಿದದ್ದು ನೇರವಾಗಿ ನಮ್ಮ ಅಕೌಂಟ್‌ಗೆ ಬೀಳುತ್ತದೆ. ಈವರೆಗೆ ಒಂದು ತಿಂಗಳೂ ತಪ್ಪಿಲ್ಲ. ಅವನ ಕೆಲಸದ ಗಂಟೆಗಳು ಕಮ್ಮಿಯಾದಾಗ ಅವನ ಪಾಲು ಇಳಿಯಿತು, ಅವರ ಪಾಲು ಏರಿತು. ನಮಗೆ ಬರುವ ಒಟ್ಟು ದುಡ್ಡು ಅಷ್ಟೇ ಇತ್ತು.

ಕಷ್ಟ ಆದದ್ದು ಶುರುವಿನಲ್ಲಿ. ಟೆನೆನ್ಸಿ ಅಪ್ರೂವಲ್ ಫಾರ್ಮ್ ತುಂಬಬೇಕು, ನಾವು ಕೇಳಿದ ಬಾಡಿಗೆ ಸುತ್ತಮುತ್ತಲಿನ ದರಕ್ಕೆ ಸರಿ ಇದೆಯಾ ಅಂತ ಅವರು ನೋಡಬೇಕು, ಆಮೇಲೆ ಇನ್‌ಸ್ಪೆಕ್ಷನ್. ಹೊಗೆ ಅಲಾರಂ, ಕಾರ್ಬನ್ ಮೊನಾಕ್ಸೈಡ್ ಅಲಾರಂ, ಬಿಸಿನೀರು, ಕಿಟಕಿ ಚಿಲಕ ಎಲ್ಲ ನೋಡುತ್ತಾರೆ. ಹಿಂದಿನ ಮೆಟ್ಟಿಲಿಗೆ ಕೈಕಂಬಿ ಇಲ್ಲ ಅಂತ ನಮ್ಮದು ಮೊದಲ ಸಲ ಫೇಲ್ ಆಯಿತು. ಅದು ನ್ಯಾಯವೇ, ಹಾಕಿಸಿದೆವು. ಬೇಜಾರಾದದ್ದು ಮತ್ತೆ ಬರಲು ಅವರು ತಗೊಂಡ ಸಮಯ. ಪಾಸ್ ಆಗುವ ತನಕ ಬಾಡಿಗೆ ಲೆಕ್ಕ ಶುರುವಾಗುವುದಿಲ್ಲ. ನಾವು ಹೇಗೋ ತಡೆದುಕೊಂಡೆವು. ಆ ಹುಡುಗ ಅಷ್ಟೂ ದಿನ ಸ್ನೇಹಿತನ ಸೋಫಾ ಮೇಲೆ ಮಲಗಿದ. ಡಿಪಾಸಿಟ್ ವೋಚರ್‌ನಲ್ಲಿ ಸೇರಿರುವುದಿಲ್ಲ. ಅವನ ಕೇಸ್ ವರ್ಕರ್, ಅಂದರೆ ಅವನ ಕೇಸು ನೋಡಿಕೊಳ್ಳುವವರು, ಬೇರೆ ನಿಧಿಯಿಂದ ಕೊಡಿಸಿದರು.

ಕ್ರೆಡಿಟ್ ಸ್ಕೋರ್ ಕೇಳಬೇಡಿ. ಅವನಿಗೆ ಇರಲೇ ಇಲ್ಲ. ಎಲ್ಲಿಂದ ಬರಬೇಕು? ಕ್ಯಾಲಿಫೋರ್ನಿಯಾದಲ್ಲಿ ವೋಚರ್ ಇದೆ ಅನ್ನೋ ಕಾರಣಕ್ಕೆ ಮನೆ ಇಲ್ಲ ಅನ್ನೋದು 2020ರಿಂದ ಕಾನೂನುಬಾಹಿರ. ಸಂಬಳದ ಲೆಕ್ಕವನ್ನೂ ಅವನು ಕಟ್ಟುವ ಪಾಲಿನ ಮೇಲೆ ಮಾತ್ರ ಹಾಕಬೇಕು. ಆದರೂ ಫೋನ್ ಎತ್ತದೆ, ಮೆಸೇಜ್‌ಗೆ ಉತ್ತರಿಸದೆ ತಪ್ಪಿಸಿಕೊಂಡ ಮಾಲೀಕರು ಅವನಿಗೆ ಬಹಳ ಸಿಕ್ಕಿದ್ದರು. ಬ್ಯಾಚುಲರ್‌ಗೆ ಮನೆ ಕೊಡಲ್ಲ ಅನ್ನಿಸಿಕೊಂಡು ಬೆಂಗಳೂರಿನಲ್ಲಿ ಗಲ್ಲಿಗಲ್ಲಿ ಅಲೆದವರು ನಾವು. ಆ ಸಂಕಟ ನಮಗೆ ತಿಳಿಯದ್ದೇನಲ್ಲ.

ಬೀಗದ ಕೈ ಕೊಟ್ಟ ದಿನ ಅವನು ಕೇಳಿದ ಪ್ರಶ್ನೆ ಹೇಳಲೇಬೇಕು. ಪಾತ್ರೆ, ಮಂಚ, ವೈಫೈ ಯಾವುದನ್ನೂ ಕೇಳಲಿಲ್ಲ. "ನಾನಿಲ್ಲದಾಗ ಯಾರಾದರೂ ಒಳಗೆ ಬರ್ತಾರಾ?" ಅಂದ. ಹಿಂದೆ ಅವನಿದ್ದ ಗ್ರೂಪ್ ಹೋಮ್‌ನಲ್ಲಿ (ಹಲವು ಫಾಸ್ಟರ್ ಮಕ್ಕಳು ಒಟ್ಟಿಗಿರುವ ಮನೆ) ಸಿಬ್ಬಂದಿ ಅವನ ಕೋಣೆ, ಬ್ಯಾಗ್ ಎಲ್ಲ ತಪಾಸಣೆ ಮಾಡುತ್ತಿದ್ದರಂತೆ. ತುರ್ತು ಬಿಟ್ಟರೆ 24 ಗಂಟೆ ಮೊದಲು ಬರೆದು ತಿಳಿಸದೆ ನಾವು ಬರುವ ಹಾಗಿಲ್ಲ, ಅದು ಇಲ್ಲಿನ ಕಾನೂನು ಅಂದೆ. ಎಲ್ಲಿ ಬರೆದಿದೆ ತೋರಿಸಿ ಅಂದ. ಲೀಸ್ ತೆಗೆದು ಆ ಸಾಲು ತೋರಿಸಿದೆ. ಎರಡು ಸಲ ಓದಿ ಫೋಟೊ ತೆಗೆದುಕೊಂಡ. ಹಬ್ಬದ ದಿನ ಹೋಳಿಗೆ ಕೊಡುವುದಕ್ಕೂ ನಾನು ಮೆಸೇಜ್ ಮಾಡಿ, ಬಾಗಿಲ ಹೊರಗೇ ನಿಲ್ಲುತ್ತೇನೆ. ಮನೆ ಕೊಡುವವರು ಇದೊಂದನ್ನು ದಯವಿಟ್ಟು ಪಾಲಿಸಿ. ಪಾಪ ಹುಡುಗ ಅಂತ ಪ್ರೀತಿ ತೋರಿಸಲು ಹೇಳದೆ ಒಳಗೆ ಹೋಗಬೇಡಿ.

ಈಗ ನನ್ನ ದೂರು. ವೋಚರ್ ಅವಧಿ 36 ತಿಂಗಳು. ಓದು, ಕೆಲಸ ಅಥವಾ ಸ್ವಂತ ಕಾಲ ಮೇಲೆ ನಿಲ್ಲಲು ನೆರವಾಗುವ ಫ್ಯಾಮಿಲಿ ಸೆಲ್ಫ್ ಸಫಿಷಿಯೆನ್ಸಿ ಕಾರ್ಯಕ್ರಮದ ಷರತ್ತು ಪೂರೈಸಿದರೆ 60 ತಿಂಗಳವರೆಗೆ ಹೋಗುತ್ತದೆ. ಇದನ್ನು ಹುಡುಗನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಕೇಸ್ ವರ್ಕರ್ ನಡುವೆ ಬದಲಾದರು, ಹೊಸಬರು ಬರುವ ತನಕ ಅವನು ಕೇಳಲು ಯಾರೂ ಇರಲಿಲ್ಲ. ಕಮ್ಯುನಿಟಿ ಕಾಲೇಜಿನಲ್ಲಿ ಎಚ್‌ವಿಎಸಿ (ಹೀಟರ್, ಎಸಿ ಕೆಲಸ) ಕಲಿಯುತ್ತಿದ್ದಾನೆ, ರಾತ್ರಿ ಗೋದಾಮಿನಲ್ಲಿ ಕೆಲಸ. ಅಂಥವನು ಈ ಕಾಗದಗಳನ್ನೆಲ್ಲ ಒಬ್ಬನೇ ಹೇಗೆ ನೋಡಿಕೊಳ್ಳಬೇಕು? ಇನ್ನೊಂದು: ಪ್ಲೇಸ್‌ಮೆಂಟ್ ಆದೇಶ ಇಲ್ಲದೆ ಜುವೆನೈಲ್ ಹಾಲ್‌ನಿಂದ (ಬಾಲಾಪರಾಧಿಗಳ ಬಂಧನಗೃಹ) ನೇರ ಹೊರಬಂದ ಮಕ್ಕಳಿಗೆ ಆ ಹಾದಿಯಲ್ಲಿ ಈ ವೋಚರ್ ಸಿಗುವುದಿಲ್ಲ. ಒಂದು ಆದೇಶ ಇದ್ದರೆ ಮನೆ, ಇಲ್ಲದಿದ್ದರೆ ಇಲ್ಲ. ಇದು ಬದಲಾಗಬೇಕು.

ಐದಕ್ಕೆ ನಾಲ್ಕು ಸ್ಟಾರ್. ಕೊಡುವ ಮನಸ್ಸಿದ್ದರೆ ನಿಮ್ಮ ಕೌಂಟಿಯ ಹೌಸಿಂಗ್ ಅಥಾರಿಟಿಗೆ ಫೋನ್ ಮಾಡಿ, ಎಫ್‌ವೈಐ ಅಂತ ಹೆಸರು ಹಿಡಿದೇ ಕೇಳಿ. ಮನೆ ಖಾಲಿಯಾಗುವ ಮೊದಲೇ ಮೆಟ್ಟಿಲು, ಅಲಾರಂ ಎಲ್ಲ ಸರಿ ಮಾಡಿಸಿಟ್ಟುಕೊಳ್ಳಿ. ಕೇಸ್ ವರ್ಕರ್ ಜೊತೆಗೆ ಅವರ ಮೇಲ್ವಿಚಾರಕರ ನಂಬರ್ ಕೂಡ ಮೊದಲ ದಿನವೇ ಬರೆದುಕೊಳ್ಳಿ. ನಾವು ಎರಡನೇ ವರ್ಷದ ಲೀಸ್‌ಗೆ ಸಹಿ ಹಾಕಿದ್ದೇವೆ, ಬಾಡಿಗೆ ಏರಿಸಿಲ್ಲ.